ಪದಚರ್ಚೆ: ‘ಬೆರಳಚ್ಚು’ ಎಂದರೆ ಒತ್ತುವುದೋ, ಕುಟ್ಟುವುದೋ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಭಾಷೆ ನನ್ನ ಕಸುಬಲ್ಲ. ಹೊಸ ಉಪಕರಣ ಕಂಡರೆ ಬಿಚ್ಚಿ ನೋಡದೆ ನಿದ್ದೆ ಬಾರದವನು ನಾನು. ಹೋದ ತಿಂಗಳು ಒಂದು ಮೆಕ್ಯಾನಿಕಲ್ ಕೀಲಿಮಣೆ ಕೊಂಡೆ. ಕೀಲಿ ಒತ್ತಿದರೆ ಅಡಕತ್ತರಿಗೆ ಅಡಿಕೆ ಸಿಕ್ಕಂತೆ ಕಟಕ್ ಎನ್ನುತ್ತದೆ. ಆ ಸದ್ದಿನ ಹುರುಪಿನಲ್ಲಿಯೇ ಕನ್ನಡ ಟೈಪಿಂಗ್ ಕಲಿಸುವ ಪುಟ್ಟ ಆಟವೊಂದನ್ನು ಮಾಡಲು ಕೂತೆ. ಕಂಪ್ಯೂಟರಿನಲ್ಲೂ ಮೊಬೈಲಿನಲ್ಲೂ ಆಡಬಹುದು. ಅಕ್ಷರಗಳು ಮೇಲಿನಿಂದ ಮಳೆಯಂತೆ ಉದುರುತ್ತವೆ, ನೆಲ ಮುಟ್ಟುವುದರೊಳಗೆ ಅವನ್ನು ಕುಟ್ಟಿ ಮುಗಿಸಬೇಕು. ‘ಕ್ಷ’ ಉದುರಿದಾಗ ಬಹುತೇಕ ಎಲ್ಲರೂ ಸೋಲುತ್ತಾರೆ, ಏಕೆಂದರೆ ನಾನು ಬಳಸುವ ವಿನ್ಯಾಸದಲ್ಲಿ ಅದಕ್ಕೆ ಮೂರು ಕೀಲಿ ಬೇಕು.

ಆಟ ಸಿದ್ಧವಾದ ಮೇಲೆ ಮೊದಲು ಅಮ್ಮನ ಕೈಗೆ ಮೊಬೈಲ್ ಕೊಟ್ಟೆ. ಮೊದಲ ಪರದೆಯಲ್ಲಿ ‘ಬೆರಳಚ್ಚು ನೀಡಿ ಒಳಗೆ ಬನ್ನಿ’ ಎಂದಿತ್ತು. ಹೆಬ್ಬೆರಳು ಒತ್ತಿದರು, ಬಾಗಿಲು ತೆರೆಯಿತು. ಎರಡನೆಯ ಪರದೆಯಲ್ಲಿ ‘ಬೆರಳಚ್ಚು ಆರಂಭಿಸಿ’ ಎಂದಿತ್ತು. ಅಮ್ಮ ಮತ್ತೆ ಹೆಬ್ಬೆರಳನ್ನೇ ಒತ್ತಿ ಹಿಡಿದರು. ಅಕ್ಷರಗಳು ಒಂದೊಂದಾಗಿ ಉದುರಿ ನೆಲ ಸೇರುತ್ತಿದ್ದವು. ಅವರು ಬೆರಳನ್ನು ಸೆರಗಿಗೆ ಒರೆಸಿಕೊಂಡು ಇನ್ನೊಮ್ಮೆ ಒತ್ತಿದರು. “ನನ್ನ ಬೆರಳು ಸವೆದು ಹೋಗಿದೆ ಕಣೋ, ರೇಷನ್ ಅಂಗಡಿಯಲ್ಲೂ ಇದೇ ಗೋಳು” ಎಂದು ಫೋನು ಹಿಂದಕ್ಕೆ ಕೊಟ್ಟರು.

ತಪ್ಪು ಅಮ್ಮನದಲ್ಲ, ಬೆರಳಿನದೂ ಅಲ್ಲ. ಎರಡು ಬೇರೆ ಬೇರೆ ಕೆಲಸಗಳಿಗೆ ನಾನು ಒಂದೇ ಪದ ಹಾಕಿದ್ದೆ. ಹಾಗೆಂದು ಆ ಪದವನ್ನು ನಾನು ಹುಟ್ಟಿಸಿದ್ದೇನೂ ಅಲ್ಲ. ಪತ್ರಿಕೆಯ ಅಪರಾಧ ಸುದ್ದಿಯ ಕೊನೆಯ ಸಾಲು ನೆನಪಿಸಿಕೊಳ್ಳಿ: ‘ಶ್ವಾನದಳ ಹಾಗೂ ಬೆರಳಚ್ಚು ತಜ್ಞರು ಸ್ಥಳಕ್ಕೆ ಭೇಟಿ ನೀಡಿ ಪರಿಶೀಲನೆ ನಡೆಸಿದರು.’ ಅದೇ ಪತ್ರಿಕೆಯ ಉದ್ಯೋಗದ ಪುಟದಲ್ಲಿ ನ್ಯಾಯಾಲಯದ ಪ್ರಕಟಣೆ: ‘ಬೆರಳಚ್ಚುಗಾರರ ಹುದ್ದೆಗಳಿಗೆ ಅರ್ಜಿ ಆಹ್ವಾನ.’ ಮೊದಲನೆಯವರು ಕಳ್ಳನ ಬೆರಳಿನ ಗುರುತು ಹುಡುಕುವವರು, ಎರಡನೆಯವರು ತೀರ್ಪನ್ನು ಟೈಪು ಮಾಡುವವರು. ಇಷ್ಟು ವರ್ಷ ಈ ಇಬ್ಬರೂ ಬೇರೆ ಬೇರೆ ಪುಟಗಳಲ್ಲಿದ್ದರು, ಯಾರಿಗೂ ಗೊಂದಲವಾಗಲಿಲ್ಲ. ಮೊಬೈಲ್ ಇಬ್ಬರನ್ನೂ ಒಂದೇ ಅಂಗೈಯಗಲದ ಪರದೆಗೆ ತಂದು ಕೂರಿಸಿದೆ.

ಶಾಲೆಯಲ್ಲಿ ಕಲಿತ ಸಮಾಸ ಇಲ್ಲಿ ನೆರವಿಗೆ ಬಂತು. ಬೆರಳಿನ ಅಚ್ಚು ಎಂದು ಬಿಡಿಸಿದರೆ ಷಷ್ಠೀ ತತ್ಪುರುಷ, ಪೊಲೀಸರ ಅರ್ಥ. ಬೆರಳಿನಿಂದ ಆದ ಅಚ್ಚು ಎಂದು ಬಿಡಿಸಿದರೆ ತೃತೀಯಾ, ಟೈಪಿಸ್ಟರ ಅರ್ಥ. ಕನ್ನಡಕ್ಕೆ ಇದು ಹೊಸ ಚಮತ್ಕಾರವಲ್ಲ. ಕೈಬರಹ ಎಂದರೆ ಕೈಯಿಂದ ಬರೆದದ್ದು, ಹಣೆಬರಹ ಎಂದರೆ ಹಣೆಯಲ್ಲಿ ಬರೆದದ್ದು. ಹಣೆಯಿಂದ ಯಾರೂ ಬರೆಯುವುದಿಲ್ಲವಾದ್ದರಿಂದ ಅರ್ಥ ತಾನಾಗಿಯೇ ಸರಿದಾರಿಗೆ ಬರುತ್ತದೆ. ಬೆರಳಿನ ಪಾಡು ಹಾಗಲ್ಲ. ಅದು ತಾನೂ ಒತ್ತುತ್ತದೆ, ತನ್ನ ಗುರುತನ್ನೂ ಬಿಡುತ್ತದೆ.

ಅಚ್ಚು ಎಂಬ ಪದವನ್ನೂ ಒಂದು ಗಳಿಗೆ ನೋಡೋಣ. ಸಂಕ್ರಾಂತಿಯ ಸಕ್ಕರೆ ಅಚ್ಚು, ಅಚ್ಚುಬೆಲ್ಲ, ಅಚ್ಚುಕೂಟ, ಅಚ್ಚುಮೊಳೆ. ‘ಅವನು ಅಪ್ಪನದೇ ಅಚ್ಚು’ ಎನ್ನುತ್ತೇವೆ. ಎಲ್ಲದರಲ್ಲೂ ಒಂದು ಆಕಾರ ಇನ್ನೊಂದರ ಮೇಲೆ ಮೂಡುವ ಭಾವವಿದೆ. ಹಳೆಯ ಟೈಪ್‌ರೈಟರಿನಲ್ಲಿ ಅದು ಅಕ್ಷರಶಃ ನಿಜ: ಲೋಹದ ಅಕ್ಷರ ಶಾಯಿ ಪಟ್ಟಿಯ ಮೇಲೆ ಬಡಿದು ಕಾಗದದ ಮೇಲೆ ಮೂಡುತ್ತಿತ್ತು. ನನ್ನ ಕಟಕ್ ಕೀಲಿಮಣೆಯಲ್ಲಿ ಏನೂ ಅಚ್ಚಾಗುವುದಿಲ್ಲ. ಒಂದು ವಿದ್ಯುತ್ ಸಂಪರ್ಕ ಕೂಡುತ್ತದೆ, ಒಂದು ಸಂಖ್ಯೆ ಹೊರಡುತ್ತದೆ, ಅಷ್ಟೇ. ತಮಾಷೆಯೆಂದರೆ ಫೋನಿನ ಬೆರಳು ಓದುಗವೂ ಅಚ್ಚು ಒತ್ತಿಸಿಕೊಳ್ಳುವುದಿಲ್ಲ. ಹಲವು ಫೋನುಗಳಲ್ಲಿ ಅದು ಚರ್ಮದ ಏಣುಗಳಿಗೂ ನಡುವಿನ ತಗ್ಗುಗಳಿಗೂ ಇರುವ ವಿದ್ಯುತ್ ಧಾರಣೆಯ, ಅಂದರೆ ವಿದ್ಯುತ್ತನ್ನು ಹಿಡಿದಿಡುವ ಶಕ್ತಿಯ, ವ್ಯತ್ಯಾಸವನ್ನು ಅಳೆದು ನಕ್ಷೆ ಮಾಡಿಕೊಳ್ಳುತ್ತದೆ. ಹಾಗಾಗಿ ಏಣು ಸವೆದವರಿಗೆ ಗೋಳು ತಪ್ಪಿದ್ದಲ್ಲ. ಎರಡೂ ಕಡೆ ಅಚ್ಚು ಮಾಯವಾಗಿ ಪದ ಮಾತ್ರ ಉಳಿದಿದೆ.

ಎರಡೂ ವಿದ್ಯೆಗಳು ಹತ್ತೊಂಬತ್ತನೆಯ ಶತಮಾನದವು. ರೆಮಿಂಗ್ಟನ್ ಕಾರ್ಖಾನೆಯ ಟೈಪ್‌ರೈಟರ್ 1874ರಲ್ಲಿ ಮಾರುಕಟ್ಟೆಗೆ ಬಂತು. ಬೆರಳಿನ ಕಥೆ ನಮ್ಮ ದೇಶದ್ದೇ: 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ, ರಾಜ್ಯಧರ ಕೋನಾಯ್ ಎಂಬ ಗುತ್ತಿಗೆದಾರನ ಇಡೀ ಅಂಗೈಯನ್ನು ಕರಾರುಪತ್ರದ ಮೇಲೆ ಒತ್ತಿಸಿಕೊಂಡ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಿನ ಗುರುತುಗಳಿಗೆಂದೇ ಕಚೇರಿ ತೆರೆಯಿತು. ಅಲ್ಲಿನ ವರ್ಗೀಕರಣ ಪದ್ಧತಿ ಅಧಿಕಾರಿ ಹೆನ್ರಿಯ ಹೆಸರಿನಲ್ಲಿ ಜಗತ್ತನ್ನೆಲ್ಲ ಸುತ್ತಿತು. ಅವನ ಕೈಕೆಳಗೆ ದುಡಿಯುತ್ತ ಅದಕ್ಕಾಗಿ ತಲೆ ಓಡಿಸಿದ್ದ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಅವರ ಹೆಸರು ಬಹುಕಾಲ ಹಿಂದೆಯೇ ಉಳಿಯಿತು.

ನೆರೆಯವರು ಏನು ಮಾಡಿಕೊಂಡಿದ್ದಾರೆ ಎಂದು ನೋಡಿದೆ. ತಮಿಳರು ಟೈಪಿಂಗಿಗೆ ‘ತಟ್ಟಚ್ಚು’ ಎನ್ನುತ್ತಾರೆ, ಬೆರಳ ಗುರುತಿಗೆ ‘ಕೈರೇಗೈ’. ತೆಲುಗರದು ‘ವೇಲಿಮುದ್ರ’, ಮಲಯಾಳಿಗಳದು ‘ವಿರಲಡಯಾಳಂ’. ಯಾರಿಗೂ ನಮ್ಮ ತೊಡಕಿಲ್ಲ. ತಟ್ಟಚ್ಚು ಕಂಡಾಗ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು. ತಟ್ಟು ನಮ್ಮದು, ಅಚ್ಚೂ ನಮ್ಮದು, ಎರಡನ್ನೂ ಕೂಡಿಸುವುದು ಮಾತ್ರ ನಮಗೆ ಹೊಳೆಯಲಿಲ್ಲ. ಆದರೂ ಈಗ ಅದನ್ನು ತಂದು ನೆಡುವ ಧೈರ್ಯ ನನಗಿಲ್ಲ. ನಮ್ಮಲ್ಲಿ ತಟ್ಟುವುದು ರೊಟ್ಟಿಯನ್ನು, ಬೆರಣಿಯನ್ನು, ಬಾಗಿಲನ್ನು. ಕೈರೇಖೆಯಂತೂ ಬೇಡವೇ ಬೇಡ. ಫೋನು ಭವಿಷ್ಯ ಹೇಳುತ್ತದೆಂದು ಜನ ಅಂಗೈ ಚಾಚಿಯಾರು.

ನನ್ನ ಒಲವು ಇಷ್ಟು. ಮನೆಯಲ್ಲಿರುವ ಹಳೆಯ ಕ್ರಯಪತ್ರದಲ್ಲಿ ಅಜ್ಜಿಯ ಹೆಬ್ಬೆರಳಿನ ನೇರಳೆ ಕಲೆಯ ಪಕ್ಕ ‘ಎಡಗೈ ಹೆಬ್ಬೆಟ್ಟಿನ ಗುರುತು’ ಎಂದು ಬರೆದಿದೆ. ಬರೆದವರು ಅಚ್ಚು ಎನ್ನಲಿಲ್ಲ, ಗುರುತು ಎಂದರು. ಫೋನು ಕೇಳುವುದೂ ಅದನ್ನೇ, ನೀನು ಯಾರು ಎಂಬ ಗುರುತನ್ನು. ಆದ್ದರಿಂದ ಬೀಗ ತೆರೆಯುವ ಕಡೆ ‘ಬೆರಳಗುರುತು’ ಎಂದು ಬದಲಿಸಿದ್ದೇನೆ. ಟೈಪಿಂಗಿಗೆ ‘ಬೆರಳಚ್ಚು’ ಬಿಟ್ಟು ‘ಟೈಪಿಸು’ ಎನ್ನಬಹುದು. ‘ಇಸು’ ಸೇರಿದರೆ ಯಾವ ಹೊರಗಿನ ಪದವೂ ನಮ್ಮ ಮನೆಯ ಪಂಕ್ತಿಯಲ್ಲಿ ಕೂರುತ್ತದೆ. ನ್ಯಾಯಾಲಯಗಳ ಬೆರಳಚ್ಚುಗಾರರ ತಂಟೆಗೆ ನಾನು ಹೋಗುವುದಿಲ್ಲ.

ಇನ್ನು ನಿಮ್ಮಲ್ಲಿ ಕೇಳುವುದು: ನಿಮ್ಮ ಕಡೆಯ ಕಚೇರಿಗಳಲ್ಲಿ, ಟೈಪಿಂಗ್ ತರಗತಿಗಳಲ್ಲಿ ಮಾತಿನ ನಡುವೆ ಯಾವ ಪದ ಓಡಾಡುತ್ತಿತ್ತು? ಧಾರವಾಡದ ಕಡೆಯವರು ಬೀಗಕ್ಕೆ ಕೀಲಿ ಎನ್ನುತ್ತಾರಲ್ಲ, ಅವರ ಕಿವಿಗೆ ‘ಕೀಲಿಮಣೆ’ ಬೀಗಗಳ ಮಣೆಯಂತೆ ಕೇಳಿಸುತ್ತದೆಯೇ? ‘ಬೆರಳಗುರುತು’ ಎಂದು ಬಿಡಿಸದೆ ಬರೆದರೆ ಕಣ್ಣಿಗೆ ಚುಚ್ಚುತ್ತದೆಯೇ?

ಸದ್ಯಕ್ಕೆ ಆಟದ ಗುಂಡಿಯ ಮೇಲೆ ‘ಕುಟ್ಟಿ’ ಎಂದು ಹಾಕಿದ್ದೇನೆ. ಅಮ್ಮನಿಗೆ ಕೂಡಲೇ ಅರ್ಥವಾಯಿತು, ‘ಕ್ಷ’ ಬರುವವರೆಗೆ ಚೆನ್ನಾಗಿಯೇ ಆಡಿದರು. ಕಾಲೇಜಿಗೆ ಹೋಗುವ ಅಕ್ಕನ ಮಗಳು ಮಾತ್ರ, “ಮಾಮ, ಈ ಕುಟ್ಟಿ ಯಾರು?” ಎಂದು ಕೇಳಿದಳು.