ಗೋಡೆಯ ಮೇಲಿನ ಬಂಬಲ್‌ಬೀ ಗೂಡಿಗೆ ಸುಡುಬಿಸಿಲು: ಅನುಭವವಿದ್ದವರು ತಿಳಿಸಿ

ಪ್ರಶ್ನೆ, ಇಂಗ್ಲೆಂಡಿನ ರೆಡಿಂಗ್‌ನಿಂದ:
ನಮ್ಮ ಮನೆಯ ದಕ್ಷಿಣದ ಗೋಡೆಗೆ ಹಕ್ಕಿಗಳಿಗೆಂದು ಹೊಡೆದಿದ್ದ ಮರದ ಪೆಟ್ಟಿಗೆಯಲ್ಲಿ ಏಪ್ರಿಲ್‌ನಿಂದ ಬಂಬಲ್‌ಬೀಗಳು (ಜೇನಿನ ಬಳಗದ, ಮೈತುಂಬ ರೋಮವಿರುವ ದಪ್ಪ ದುಂಬಿಗಳು) ಸಂಸಾರ ಹೂಡಿವೆ. ಅವುಗಳ ಬೆನ್ನು ಕಂದು, ಹೊಟ್ಟೆ ಕಪ್ಪು, ಬಾಲದ ತುದಿ ಬಿಳಿ. ಮೂರು ದಿನಗಳಿಂದ ಬಿಸಿಲು 32 ಡಿಗ್ರಿ ದಾಟಿದ್ದು, ನಾಲ್ಕೈದು ದುಂಬಿಗಳು ಗೂಡಿನ ಬಾಗಿಲಲ್ಲೇ ನಿಂತು ರೆಕ್ಕೆ ಬಡಿಯುತ್ತಿವೆ. ಇಂದು ಬೆಳಗ್ಗೆ ಕೆಳಗಿನ ಕಲ್ಲುಹಾಸಿನ ಮೇಲೆ ಏಳೆಂಟು ಬಿಳಿಯ ಮರಿಹುಳುಗಳು ಸತ್ತು ಬಿದ್ದಿದ್ದವು. ಊರಿನಲ್ಲಿ ಅಜ್ಜ ಬೇಸಿಗೆಯಲ್ಲಿ ಜೇನುಪೆಟ್ಟಿಗೆಯ ಹತ್ತಿರ ನೀರಿಡುತ್ತಿದ್ದುದು ನೆನಪಾಗಿ ಒಂದು ತಟ್ಟೆ ನೀರಿಟ್ಟೆ. ಒಂದು ದುಂಬಿಯೂ ಅತ್ತ ಸುಳಿಯಲಿಲ್ಲ. ಪೆಟ್ಟಿಗೆಯನ್ನು ನೆರಳಿಗೆ ಒಯ್ಯಬಹುದೇ?

ಉತ್ತರ, ಕೇಂಬ್ರಿಜ್‌ನಿಂದ:
ತಾವು ಹೇಳಿದ ಲಕ್ಷಣ ನೋಡಿದರೆ ಇದು ಬ್ರಿಟನ್ನಿನಲ್ಲಿ 2001ರಲ್ಲಿ ಮೊದಲು ಕಂಡುಬಂದ ಟ್ರೀ ಬಂಬಲ್‌ಬೀ. ನೆಲದ ಬಿಲದಲ್ಲಿ ಗೂಡು ಮಾಡುವ ಇದರ ದಾಯಾದಿಗಳಿಗೆ ಮಣ್ಣಿನ ತಂಪಿರುತ್ತದೆ, ಹಕ್ಕಿಪೆಟ್ಟಿಗೆ ಹಿಡಿದ ಇದಕ್ಕೆ ಆ ಭಾಗ್ಯವಿಲ್ಲ. ಮರಿಗಳಿಗೆ ಸುಮಾರು 28ರಿಂದ 32 ಡಿಗ್ರಿ ಹಿತ. 36ರ ಆಚೆ ಹೋದರೆ ಅವು ಉಳಿಯುವುದು ಕಷ್ಟ. ಚಳಿಯಿದ್ದಾಗ ಎದೆಯ ಸ್ನಾಯುಗಳನ್ನು ಅದುರಿಸಿ ಶಾಖ ಹುಟ್ಟಿಸಿ, ಹೊಟ್ಟೆಯನ್ನು ಮರಿಗಳಿಗೆ ಒತ್ತಿ ಕಾವು ಕೊಡುವ ಈ ದುಂಬಿಗಳು ಸೆಕೆಯಾದಾಗ ಆ ಕೆಲಸ ನಿಲ್ಲಿಸಿ ಬಾಗಿಲಿಗೆ ಬಂದು ಬೀಸಣಿಗೆಯಾಗುತ್ತವೆ. ಎಲ್ಲವೂ ಒಟ್ಟಿಗೆ ಶುರುಮಾಡುವುದಿಲ್ಲ. ಕೆಲವು ಬೇಗ, ಕೆಲವು ತಡವಾಗಿ ಬೀಸತೊಡಗುತ್ತವೆ, ಆದ್ದರಿಂದ ಬಿಸಿ ಏರಿದಂತೆ ಬೀಸುವವರ ಸಂಖ್ಯೆಯೂ ಏರುತ್ತದೆ. ಬಾಗಿಲಲ್ಲಿ ಎಷ್ಟಿವೆ ಎಂದು ಎಣಿಸಿದರೆ ತಮಗೆ ಥರ್ಮಾಮೀಟರೇ ಬೇಡ.

ಇಂಗ್ಲೆಂಡಿನ ಕಾನಿಂಗ್ಸ್‌ಬಿಯಲ್ಲಿ 40.3 ಡಿಗ್ರಿ ದಾಖಲಾದ 2022ರ ಜುಲೈ 19ರಂದು ನಮ್ಮ ಶೆಡ್ಡಿನ ಗೋಡೆಯ ಪೆಟ್ಟಿಗೆಯಲ್ಲಿ, ತಡವಾಗಿ ಕಟ್ಟಿದ ಇಂಥದೇ ಗೂಡೊಂದಿತ್ತು. ನಾನು ಕರುಣೆ ಉಕ್ಕಿ ಒದ್ದೆ ಟವಲನ್ನು ಪೆಟ್ಟಿಗೆಯ ಮೇಲೆ ಹೊದಿಸಿದೆ. ಅದು ಜಾರಿ ಬಾಗಿಲು ಮುಚ್ಚಿತು, ಒಳಗಿನ ಗುಂಯ್‌ಗುಡುವಿಕೆ ಇದ್ದಕ್ಕಿದ್ದಂತೆ ಜೋರಾಯಿತು, ಟವಲು ಎಳೆಯಲು ಹೋದ ನನ್ನ ಕಿರುಬೆರಳು ಎರಡು ದಿನ ಬದನೆಕಾಯಿಯಂತಿತ್ತು. ಅನಂತರ ಪೆಟ್ಟಿಗೆಗೆ ತಾಗದಂತೆ, ಒಂದು ಗೇಣು ದೂರದಲ್ಲಿ, ಪ್ಲೈವುಡ್ ಹಲಗೆಯನ್ನು ಮೇಲಿನಿಂದ ಇಳಿಬಿಟ್ಟೆ. ಮಧ್ಯಾಹ್ನ ಕೈ ಇಡಲಾಗದಷ್ಟು ಕಾಯುತ್ತಿದ್ದ ಪೆಟ್ಟಿಗೆಯ ಮಾಡು ಸಂಜೆಯ ಹೊತ್ತಿಗೆ ಬೆಚ್ಚಗಷ್ಟೇ ಇತ್ತು.

ಉತ್ತರ, ಶಿರಸಿಯಿಂದ:
ತಟ್ಟೆಯ ನೀರು ಏಕೆ ಉಳಿಯಿತೆಂಬುದಕ್ಕೆ ನಾನು ಉತ್ತರಿಸಬಲ್ಲೆ, ತುಡುವೆ ಜೇನು ಸಾಕಿದವನಾದ್ದರಿಂದ. ತುಡುವೆ ನೀರು ಹೊತ್ತು ತಂದು ಎರಿಯ ಮೇಲೆ ಹನಿಹನಿಯಾಗಿ ಹರಡಿ ರೆಕ್ಕೆ ಬೀಸಿ ಒಣಗಿಸುತ್ತದೆ. ನಮ್ಮ ಮಡಕೆಯ ನೀರು ತಂಪಾಗುವ ಲೆಕ್ಕವೇ ಅದು. ಆಗಲೂ ಸಹಿಸಲಾಗದಿದ್ದರೆ ಇಡೀ ಕುಟುಂಬ ಪೆಟ್ಟಿಗೆ ಬಿಟ್ಟು ಪರಾರಿಯಾಗುತ್ತದೆ. ಬಂಬಲ್‌ಬೀಗೆ ಇವೆರಡೂ ಉಪಾಯಗಳಿಲ್ಲ ಎಂದು ಓದಿದ್ದೇನೆ: ನೀರು ತರುವ ರೂಢಿಯಿಲ್ಲ, ಹಿಂಡಾಗಿ ಊರು ಬಿಡುವ ಪದ್ಧತಿಯಿಲ್ಲ. ಸಾವಿರಾರು ಮಂದಿಯ ತುಡುವೆಯ ಮುಂದೆ ಅದರದ್ದು ಕೆಲವು ನೂರರ ಚಿಕ್ಕ ಸಂಸಾರ. ಹಾಗಾಗಿ ಅಜ್ಜನ ತಟ್ಟೆಗಿಂತ ಕೇಂಬ್ರಿಜ್‌ನವರ ಹಲಗೆಯೇ ಸರಿ. (ನಮ್ಮ ಕಡೆ ಬಿದಿರು, ಜಂತಿ ಕೊರೆಯುವ ಕರಿದುಂಬಿಯೇ ಬೇರೆ; ಬಂಬಲ್‌ಬೀ ದಕ್ಷಿಣ ಭಾರತದಲ್ಲಿಲ್ಲ.)

ಉತ್ತರ, ಲೀಡ್ಸ್‌ನಿಂದ:
ದಯವಿಟ್ಟು ಪೆಟ್ಟಿಗೆ ಕದಲಿಸಬೇಡಿ. ಈ ಜಾತಿ ಅಲುಗಾಟಕ್ಕೆ ಬಹಳ ಸಿಟ್ಟಾಗುತ್ತದೆ, ಮೇಲಾಗಿ ಹೊರಗೆ ಹೋದವು ಹಳೆಯ ಜಾಗಕ್ಕೇ ಮರಳುತ್ತವೆ. ಬೇಸಿಗೆ ಮುಗಿಯುವಷ್ಟರಲ್ಲಿ ಗೂಡು ತಾನಾಗಿ ಖಾಲಿಯಾಗುತ್ತದೆ. ಹೊಸ ರಾಣಿಗಳು ಮಾತ್ರ ಬೇರೆಡೆ ಚಳಿಗಾಲ ಕಳೆಯುತ್ತವೆ. ಮರಿ ಹೊರಗೆಸೆಯುವುದಕ್ಕೆ ಆಹಾರದ ಕೊರತೆಯೂ ಕಾರಣವಿರಬಹುದು, ಹತ್ತಿರದಲ್ಲಿ ಹೂವಿದೆಯೇ ನೋಡಿ.

ಪ್ರಶ್ನೆ ಕೇಳಿದವರಿಂದ:
ನಿನ್ನೆ ಹಳೆಯ ಕಪಾಟಿನ ಬಾಗಿಲನ್ನು ಕಟ್ಟಿ ನೆರಳು ಮಾಡಿದೆ. ಇಂದು ಮೂರು ಗಂಟೆಗೆ ಅದೇ 32 ಡಿಗ್ರಿಯಲ್ಲಿ ಬಾಗಿಲಲ್ಲಿ ಬೀಸುತ್ತಿದ್ದುದು ಒಂದೇ ದುಂಬಿ. ಕಲ್ಲುಹಾಸಿನ ಮೇಲೆ ಹೊಸ ಮರಿಹುಳು ಕಾಣಲಿಲ್ಲ.