‘ಜಾಹೀರಾತು ಒಳಗೊಂಡ ಥೀಮ್’ ಅಂದರೆ ನಿಮಗೆ ಏನು ಅರ್ಥ ಆಗುತ್ತದೆ?

ಒಂದು ಬ್ಲಾಗ್ ಥೀಮಿನ (ಅಂದರೆ ಬ್ಲಾಗಿನ ನೋಟವನ್ನು ತೀರ್ಮಾನಿಸುವ ಸಿದ್ಧ ಅಚ್ಚಿನ) ವಿವರಣೆಯನ್ನೂ ಸೆಟ್ಟಿಂಗ್ ಪುಟಗಳನ್ನೂ ಕನ್ನಡಕ್ಕೆ ತರುತ್ತಿದ್ದೇನೆ. ಮೊದಲ ಸಾಲಿನಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ, ಅದಕ್ಕೇ ಈ ಪತ್ರ. ಹೇಳಬೇಕಾದ್ದು ಇಷ್ಟೇ: ಬರಹದ ಮೇಲೆ, ಪಕ್ಕದಲ್ಲಿ, ನಡುವೆ ಜಾಹೀರಾತು ಹಾಕಿಕೊಳ್ಳಲು ಅನುಕೂಲ ಆಗುವಂತೆ ಮಾಡಿದ ಥೀಮ್ ಇದು. ನನ್ನ ಮೊದಲ ಕರಡು ಹೀಗಿತ್ತು: ‘ಜಾಹೀರಾತುಗಳನ್ನು ಒಳಗೊಂಡಂತೆ ವಿನ್ಯಾಸಗೊಳಿಸಲಾದ ಬ್ಲಾಗ್ ವಿನ್ಯಾಸ’. ಎರಡು ಸಲ ವಿನ್ಯಾಸ ಬಂದಿದೆ, ಅದು ಬಿಡಿ, ಥೀಮ್ ಅನ್ನುವುದನ್ನು ಥೀಮ್ ಅಂತಲೇ ಇಟ್ಟರೆ ಸರಿಹೋಗುತ್ತದೆ. ಬ್ಲಾಗ್ ಬರೆಯುವ ಗೆಳತಿಯೊಬ್ಬಳಿಗೆ ಓದಲು ಕೊಟ್ಟೆ. ಅವಳು ಕೇಳಿದ್ದು: ‘ಅಂದ್ರೆ ಇದನ್ನ ಹಾಕ್ಕೊಂಡ್ರೆ ಅವರ ಜಾಹೀರಾತೆಲ್ಲ ನನ್ನ ಬ್ಲಾಗಲ್ಲಿ ಬರುತ್ತಾ? ದುಡ್ಡು ಕೊಟ್ರೆ ತೆಗೀತಾರಾ?’

ಅವಳ ತಪ್ಪಲ್ಲ. ಪುಕ್ಕಟೆ ಆಪ್‌ಗಳನ್ನು ಬಳಸಿ ಬಳಸಿ ‘ಜಾಹೀರಾತು ಇರುವ’, ‘ಜಾಹೀರಾತು ಇಲ್ಲದ’ ಅನ್ನುವ ಜೋಡಿ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ‘ಒಳಗೊಂಡ’ ಅಂದ ಕೂಡಲೇ ಜಾಹೀರಾತು ಆಗಲೇ ಒಳಗೆ ಬಂದು ಕೂತಿದೆ ಅನ್ನಿಸುತ್ತದೆ. ‘ಅಳವಡಿಸಿದ’ ಅಂದರೂ ಅದೇ ಕಥೆ, ‘ಸೇರಿಸಿದ’ ಅಂದರೂ ಅದೇ. ಈ ರೂಪಗಳೆಲ್ಲ ಕೆಲಸ ಮುಗಿದಿದೆ ಅಂತ ಹೇಳುತ್ತವೆ. ಆದರೆ ಥೀಮ್ ಮಾಡಿದವರು ಏನನ್ನೂ ಸೇರಿಸಿಲ್ಲ, ಸುಮ್ನೆ ಜಾಗ ಬಿಟ್ಟಿದ್ದಾರೆ. ‘ಅಳವಡಿಸಬಹುದಾದ’ ಅಂದರೆ ಅರ್ಥವೇನೋ ಸರಿ, ಆದರೆ ಸರ್ಕಾರಿ ಸುತ್ತೋಲೆ ಓದಿದ ಹಾಗೆ ಆಗುತ್ತದೆ ಅಲ್ವಾ?

ನನಗೆ ಹೊಳೆದ ದಾರಿ ಅಂದರೆ ಕ್ರಿಯಾಪದವನ್ನೇ ಬಿಟ್ಟು ‘ಗೆ’ ಪ್ರತ್ಯಯಕ್ಕೆ ಕೆಲಸ ಕೊಡುವುದು. ಪುಸ್ತಕ ಇರುವ ಕಪಾಟು ಬೇರೆ, ಪುಸ್ತಕಕ್ಕೆ ಅಂತ ಮಾಡಿದ ಕಪಾಟು ಬೇರೆ. ಎರಡನೆಯದು ಖಾಲಿಯೂ ಇರಬಹುದು. ಹಾಗೆಯೇ ‘ಜಾಹೀರಾತಿಗೆ ಜಾಗ ಇರುವ ಥೀಮ್’. ಆಡ್-ರೆಡಿ ಅಂತ ಗಿಡ್ಡವಾಗಿ ಬರೆಯುವ ಕಡೆ ‘ಜಾಹೀರಾತಿಗೆ ಅಣಿಯಾದ’. ‘ಜಾಹೀರಾತಿಗೆ ಒಗ್ಗುವ’ ಅನ್ನುವುದೂ ಚೆನ್ನಾಗಿದೆ. ಆದರೆ ನೀರು ಮೈಗೆ ಒಗ್ಗಲಿಲ್ಲ ಅನ್ನುತ್ತೇವಲ್ಲ, ಆ ಸಹಿಸಿಕೊಳ್ಳುವ ಅರ್ಥ ಅದರ ಹಿಂದೆಯೇ ಬರುತ್ತದೆ. ಓದುಗನ ಕಡೆಯಿಂದ ನೋಡಿದರೆ ಅದೇ ನಿಜ ಇರಬಹುದು, ಥೀಮ್ ಮಾರುವವರು ಒಪ್ಪಲಾರರು!

ಇನ್ನು ಆ ಜಾಗಕ್ಕೆ ಏನೆನ್ನುವುದು? ಆಡ್ ಸ್ಲಾಟ್ ಅನ್ನುತ್ತಾರೆ. ‘ಜಾಹೀರಾತಿನ ಜಾಗ’ ಅಂದರೆ ನಡೆಯುತ್ತದೆ, ಆದರೆ ಸೆಟ್ಟಿಂಗ್ ಪುಟದಲ್ಲಿ ಜಾಗ ಅನ್ನುವ ಪದ ಇನ್ನೂ ನಾಲ್ಕು ಕಡೆ ಬಂದಿದೆ, ಅಂಚಿನಲ್ಲಿ ಬಿಡುವ ಖಾಲಿ ಜಾಗ, ಸರ್ವರಿನಲ್ಲಿ ಉಳಿದ ಜಾಗ, ಹೀಗೆ. ನನ್ನ ಒಲವು ‘ಗೂಡು’ ಕಡೆಗೆ. ಗೋಡೆಯಲ್ಲಿ ದೀಪಕ್ಕೆ ಅಂತ ಬಿಡುವ ಗೂಡಿನ ಹಾಗೆ: ಗೋಡೆ ಕಟ್ಟುವಾಗಲೇ ಬಿಟ್ಟಿರಬೇಕು, ಆಮೇಲೆ ಕೊರೆದರೆ ಗೋಡೆ ಕೆಡುತ್ತದೆ. ಈ ಹೋಲಿಕೆ ಚೆಂದಕ್ಕೆ ಮಾತ್ರ ಹೇಳಿದ್ದಲ್ಲ. ಥೀಮಿನಲ್ಲೂ ಹಾಗೇ ಆಗುತ್ತದೆ. ಜಾಹೀರಾತು ಬೇರೊಂದು ಸರ್ವರಿನಿಂದ ತಡವಾಗಿ ಬರುತ್ತದೆ. ಅದರ ಎತ್ತರದಷ್ಟು ಜಾಗವನ್ನು ಥೀಮ್ ಮೊದಲೇ ಹಿಡಿದಿಟ್ಟಿಲ್ಲ ಅಂದರೆ, ನೀವು ಓದುತ್ತಿರುವ ಸಾಲು ಇದ್ದಕ್ಕಿದ್ದಂತೆ ಕೆಳಗೆ ಜಾರುತ್ತದೆ, ಒಂದನ್ನು ಒತ್ತಲು ಹೋಗಿ ಇನ್ನೊಂದನ್ನು ಒತ್ತಿರುತ್ತೀರಿ. ಗೂಗಲ್ 2020ರಲ್ಲಿ ಪುಟಗಳ ಗುಣಮಟ್ಟ ಅಳೆಯಲು ಕೊಟ್ಟ ಅಳತೆಗಳಲ್ಲಿ ಈ ಜಾರುವಿಕೆಗೇ ಒಂದು ಅಂಕ ಇದೆ, 0.1 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು. ಅದನ್ನು ‘ವಿನ್ಯಾಸ ಪಲ್ಲಟ’ ಅಂತ ಯಾರೋ ಬರೆದಿದ್ದು ನೋಡಿದೆ. ‘ಪುಟ ಜಿಗಿಯುವುದು’ ಅಂದರೆ ಎಲ್ಲರಿಗೂ ಗೊತ್ತಾಗುವುದಿಲ್ಲವೇ?

‘ಜಾಹೀರಾತುಗೂಡು’ ಅರಿಸಮಾಸ, ಅಂದರೆ ಸಂಸ್ಕೃತ ಪದಕ್ಕೆ ಕನ್ನಡ ಪದ ಜೋಡಿಸಿದ ತಪ್ಪು ಸಮಾಸ, ಅಂತ ಯಾರಾದರೂ ತಗಾದೆ ತೆಗೆಯುವ ಮೊದಲೇ ಹೇಳಿಬಿಡುತ್ತೇನೆ: ಜಾಹೀರಾತು ಸಂಸ್ಕೃತ ಪದ ಅಲ್ಲ, ಹಾಗಾಗಿ ಆ ನಿಯಮ ಇಲ್ಲಿಗೆ ಬರುವುದಿಲ್ಲ.

ಬಂದಿದ್ದು ಎಲ್ಲಿಂದ ಅಂತ ನೋಡಿದರೆ ನನ್ನ ಎರಡನೇ ತಕರಾರು ಶುರುವಾಗುತ್ತದೆ. ಇದರ ಬೇರು ಅರಬ್ಬಿಯ ಜಾಹಿರ್, ಅಂದರೆ ಎದ್ದು ಕಾಣುವುದು, ಬಯಲಾಗಿರುವುದು. ಪಾರ್ಸಿಯನ್ನು ಹಾದು ಬಂದ ಪದ, ಮರಾಠಿಯಲ್ಲೂ ಜಾಹಿರಾತ್ ಅಂತಲೇ ಇದೆ. ನಾವು ‘ಜಾಹೀರು ಮಾಡಿದರು’ ಅನ್ನುತ್ತೇವೆ, ‘ಜಗಜ್ಜಾಹೀರು’ ಅಂತೂ ದಿನಾ ಕೇಳುವ ಪದ. ಇನ್ನೊಂದು ಕಡೆ ಈ ಥೀಮಿನ ವಿವರಣೆಯಲ್ಲಿ ಹೆಮ್ಮೆಯಿಂದ ಹೇಳಿರುವ ಒಂದು ಗುಣ ಅಂದರೆ, ಜಾಹೀರಾತು ಬರಹದೊಂದಿಗೆ ಕಣ್ಣಿಗೆ ಗೊತ್ತಾಗದ ಹಾಗೆ ಬೆರೆತುಹೋಗುತ್ತದೆ ಅನ್ನುವುದು. ಗುಟ್ಟಾಗಿರುವ ಜಾಹೀರು! ಇದು ಹೊಸ ಚಾಳಿಯೇನಲ್ಲ. 2003ರಲ್ಲಿ ಗೂಗಲಿನ ಆಡ್‌ಸೆನ್ಸ್ (ಬೇರೆಯವರ ತಾಣಗಳಲ್ಲಿ ಜಾಹೀರಾತು ಹಾಕಿ, ಅವರಿಗೆ ದುಡ್ಡು ಕೊಡುವ ಸೇವೆ) ಬಂದ ಮೇಲೆ, ಅಕ್ಷರದ ಜಾಹೀರಾತುಗಳ ಚೌಕಟ್ಟು, ಹಿನ್ನೆಲೆ, ಕೊಂಡಿ ಎಲ್ಲಕ್ಕೂ ಬ್ಲಾಗಿನವರೇ ಬಣ್ಣ ಆರಿಸಬಹುದಿತ್ತು. ಎಷ್ಟೋ ಜನ ಚೌಕಟ್ಟಿಗೆ ಪುಟದ ಬಣ್ಣವನ್ನೇ ಬಳಿದು ಮುಚ್ಚಿಬಿಡುತ್ತಿದ್ದರು. ಈಗ ಪದದ ಪ್ರಶ್ನೆ. ಇದಕ್ಕೆ ‘ಬೆರೆಸು’ ಸರಿಯೋ, ‘ಹೊಂದಿಸು’ ಸರಿಯೋ? ಹಾಲಿಗೆ ನೀರು ಬೆರೆಸಿದರು ಅಂದರೆ ಅದು ಬೈಗುಳವೇ. ‘ಹೊಂದಿಸು’ ಅಂದರೆ ಎರಡೂ ಬೇರೆ ಬೇರೆಯಾಗಿಯೇ ಕಾಣುತ್ತವೆ, ಆದರೆ ಕಣ್ಣಿಗೆ ಚುಚ್ಚುವುದಿಲ್ಲ. ‘ಕೂರಿಸು’ ಇನ್ನೂ ಚೆನ್ನ, ಉಂಗುರದಲ್ಲಿ ಹರಳು ಕೂರಿಸಿದ ಹಾಗೆ, ಹರಳು ಹರಳಾಗಿಯೇ ಕಾಣುತ್ತದೆ. ಮೂಲದವರು ಹೇಳಿದ್ದು ಮಾತ್ರ ಬೆರೆಸುವುದನ್ನೇ. ಅನುವಾದಕಿ ಅದನ್ನು ‘ಕೂರಿಸು’ ಅಂತ ತಿದ್ದಿದರೆ ಅದು ಒಳ್ಳೆಯತನವೋ ಸುಳ್ಳೋ? ಸದ್ಯಕ್ಕೆ ನಾನು ‘ಬೆರೆಯುವ’ ಅಂತಲೇ ಇಟ್ಟಿದ್ದೇನೆ, ಓದಿದವರಿಗೆ ಸ್ವಲ್ಪ ಇರುಸುಮುರುಸಾದರೆ ಆಗಲಿ.

ಇದಕ್ಕೇ ಅಂಟಿಕೊಂಡ ಇನ್ನೊಂದು: ಗೂಡಿನ ಮೇಲೆ ಬರುವ ಚಿಕ್ಕ ಅಕ್ಷರದ ಗುರುತು. ‘ಪ್ರಾಯೋಜಿತ’, ಅಂದರೆ ದುಡ್ಡು ಕೊಟ್ಟು ಹಾಕಿಸಿದ್ದು, ಅಂತ ಹಾಕುವುದು ಈಗ ವಾಡಿಕೆ. ನಾನು ಕೇಳಿದ ಮೂವರಲ್ಲಿ ಒಬ್ಬರು ಅದನ್ನು ‘ಪ್ರಾಯೋಗಿಕ’ ಅಂತ ಓದಿದರು, ಇನ್ನೊಬ್ಬರು ಪ್ರಯೋಜನಕ್ಕೆ ಬರುವ ಮಾಹಿತಿ ಅಂದುಕೊಂಡರು. ಅರ್ಥವೇ ಆಗದ ಗುರುತು ಹಾಕುವುದೂ ಒಂದೇ, ಹಾಕದಿರುವುದೂ ಒಂದೇ. ‘ಜಾಹೀರಾತು’ ಅಂತ ನೇರ ಬರೆದರೆ ಸಾಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಅಳತೆಗಳ ಹೆಸರು ಬೇಗ ಮುಗಿಸುತ್ತೇನೆ. 728×90ರ (ಅಗಲ, ಎತ್ತರ, ಪಿಕ್ಸೆಲ್ ಲೆಕ್ಕದಲ್ಲಿ) ಪಟ್ಟಿಗೆ ಲೀಡರ್‌ಬೋರ್ಡ್ ಅಂತ ಹೆಸರು, ಅದನ್ನು ಆಟದ ಅಂಕಪಟ್ಟಿ ಮಾಡಬೇಡಿ. 120×600ರದ್ದು ಸ್ಕೈಸ್ಕ್ರೇಪರ್, ಅದನ್ನು ಅನುವಾದ ಯಂತ್ರ ‘ಗಗನಚುಂಬಿ’ ಮಾಡಿ ಕೊಟ್ಟಿತು, ನಕ್ಕು ಅಳಿಸಿದೆ. ಅಡ್ಡಪಟ್ಟಿ, ನಿಲುಪಟ್ಟಿ ಅಂದುಬಿಟ್ಟರೆ ಅಳತೆ ನೋಡದೆಯೂ ಆಕಾರ ತಿಳಿಯುತ್ತದೆ. 1994ರಲ್ಲಿ ಹಾಟ್‌ವೈರ್ಡ್ ತಾಣದಲ್ಲಿ ಬಂದ, ವೆಬ್ಬಿನ ಮೊದಲ ಬ್ಯಾನರ್ ಅಂತ ಹೆಸರಾದ ಚೂರು ಕೂಡ ಒಂದು ಅಡ್ಡಪಟ್ಟಿಯೇ. ‘ಬ್ಯಾನರ್’ ಹಾಗೇ ಇರಲಿ, ಎಲ್ಲರಿಗೂ ಗೊತ್ತು.

ಸೈಡ್‌ಬಾರ್‌ಗೆ ‘ಪಕ್ಕದ ಪಟ್ಟಿ’ ಬೇಡ ಅನ್ನಿಸುತ್ತಿದೆ, ಯಾಕೆಂದರೆ ಫೋನಿನಲ್ಲಿ ಅದು ಪಕ್ಕದಲ್ಲಿ ಇರುವುದೇ ಇಲ್ಲ, ಬರಹ ಮುಗಿದ ಮೇಲೆ ಕೆಳಗೆ ಹೋಗಿ ಬೀಳುತ್ತದೆ. ಎರಡು ಕಾಲಂ, ಮೂರು ಕಾಲಂ ಅನ್ನುವುದಕ್ಕೆ ‘ಅಂಕಣ’ ಇದ್ದೇ ಇದೆ. ಪತ್ರಿಕೆಗೆ ಬರುವ ಮೊದಲು ಅದು ಮನೆಯ ಎರಡು ಕಂಬಗಳ ನಡುವಿನ ಜಾಗದ ಹೆಸರಾಗಿತ್ತು, ಹಾಗಾಗಿ ಗೂಡಿನ ಜೊತೆ ಅದಕ್ಕೆ ಜಗಳವಿಲ್ಲ. ‘ಕಿರು ಅಂಕಣ’ ಅಂದರೆ ಕೆಳಗಿದ್ದರೂ ಸುಳ್ಳಾಗುವುದಿಲ್ಲ, ಏನಂತೀರಿ?

ಅಬೌ ದ ಫೋಲ್ಡ್, ಅಂದರೆ ಪುಟವನ್ನು ಸರಿಸದೆಯೇ ಕಾಣುವ ಮೇಲಿನ ಭಾಗ, ಅನ್ನುವುದನ್ನು ‘ಮಡಿಕೆಯ ಮೇಲೆ’ ಅಂತ ಬರೆದಿದ್ದೆ. ಪತ್ರಿಕೆಯನ್ನು ಮಡಚಿದಾಗ ಮೇಲೆ ಕಾಣುವ ಅರ್ಧ ಪುಟದಿಂದ ಬಂದ ಮಾತು ಅದು. ಓದಿದ ಗೆಳತಿಗೆ ಕಂಡಿದ್ದು ಮಣ್ಣಿನ ಮಡಿಕೆ. ‘ಮೊದಲ ನೋಟಕ್ಕೆ ಬೀಳುವ ಜಾಗ’ ಮಾಡಿದ್ದೇನೆ, ಉದ್ದ ಆಯಿತು. ಗಿಡ್ಡ ಪದ ಇದ್ದರೆ ಕೊಡಿ.

ಕೊನೆಯದಾಗಿ, ಇನ್ನೂ ಯಾವ ಜಾಹೀರಾತೂ ಬಾರದಿದ್ದಾಗ ಗೂಡಿನಲ್ಲಿ ತಾನಾಗಿ ಕಾಣುವ ಸಾಲು. ಮೊದಲೆಲ್ಲ 125×125ರ ಚೌಕಗಳಲ್ಲಿ ‘ನಿಮ್ಮ ಜಾಹೀರಾತು ಇಲ್ಲಿ’ ಅನ್ನುವಂಥದ್ದು ಇರುತ್ತಿತ್ತು, ಅದು ಓದುಗನಿಗೆ ಹೇಳಿದ್ದೋ ಬ್ಲಾಗ್ ಒಡೆಯನಿಗೆ ಹೇಳಿದ್ದೋ ಗೊತ್ತಾಗುವುದಿಲ್ಲ. ನಾನು ಹಾಕಿರುವುದು ‘ಈ ಗೂಡು ಖಾಲಿ ಇದೆ’. ಓದಿದರೆ ಹಕ್ಕಿ ಹಾರಿಹೋದ ಹಾಗೆ ಕೇಳಿಸುತ್ತದೆ. ಬೇರೆ ಏನಾದರೂ ಹೊಳೆದರೆ ತಿಳಿಸುತ್ತೀರಾ?