ದೊಡ್ಡಮಾವನನ್ನು ರೂಮಿನಲ್ಲಿ ಕೂಡಿ ಹಾಕಬೇಡಿ

ಎಲ್ಲರೂ ಸ್ವಲ್ಪ ಕೇಳಿ, ಮಾತು ಉದ್ದ ಆಗುತ್ತದೆ. ಬೆಳಿಗ್ಗೆ ತಮ್ಮ ಹಾಕಿದ ಮೆಸೇಜ್ ಈಗ ನೋಡಿದೆ. ಸೋಮವಾರದಿಂದ ದೊಡ್ಡಮಾವನನ್ನು ಮಹಡಿ ಮೇಲಿನ ರೂಮಿನಲ್ಲಿ ಬೀಗ ಹಾಕಿ ಕೂರಿಸೋಣ, ನಾಲ್ಕು ದಿನ ಒಂದು ಹನಿಯೂ ಸಿಗದಿದ್ದರೆ ಕುಡಿತ ತಾನಾಗೇ ಬಿಡುತ್ತದೆ ಅಂತ ಬರೆದಿದ್ದೀಯ. ನಿನ್ನ ಸಂಕಟ ನನಗೆ ಅರ್ಥ ಆಗುತ್ತದೆ ಕಣೋ. ಆದರೆ ಹಾಗೆ ಮಾತ್ರ ಮಾಡಬೇಡಿ.

ನಮ್ಮಪ್ಪ ದಾವಣಗೆರೆಯ ಬಟ್ಟೆ ಮಿಲ್ಲಿನಲ್ಲಿದ್ದವರು. ಮಿಲ್ಲು ಮುಚ್ಚಿದ ಮೇಲೆ ಕುಡಿತ ಜಾಸ್ತಿಯಾಯಿತು. ಒಂದು ಸಲ ಜಾರಿ ಬಿದ್ದು ಕಾಲು ಮುರಿದು ಆಸ್ಪತ್ರೆ ಸೇರಿದರು. ದಿನಾ ಕುಡಿಯುತ್ತಾರೆ ಅಂತ ಡಾಕ್ಟರಿಗೆ ಹೇಳಲು ನಮಗೆ ನಾಚಿಕೆ. ಸುಮ್ನೆ ಇದ್ದುಬಿಟ್ಟೆವು. ಮಾರನೇ ದಿನ ಕೈ ನಡುಗಿತು, ಮೈ ಬೆವರಿತು. ಕಾಲು ನೋವಿಗೆ ಅಂದುಕೊಂಡೆವು. ಮೂರನೇ ರಾತ್ರಿ ಎದ್ದು ಕೂತು, ಬೆಡ್‌ಶೀಟಿನ ಮೇಲೆ ಬೆರಳಾಡಿಸುತ್ತಾ ಕಡಿದ ನೂಲಿಗೆ ಗಂಟು ಹಾಕುತ್ತಿದ್ದರು. ಅಲ್ಲಿ ನೂಲೇ ಇರಲಿಲ್ಲ. "ಸೈರನ್ ಆಯ್ತು, ಬುತ್ತಿ ಕೊಡು" ಅಂತ ನನ್ನನ್ನು ಅಮ್ಮ ಅಂದುಕೊಂಡು ಕೂಗಿದರು. ಮುರಿದ ಕಾಲಿನಲ್ಲೇ ಮಂಚ ಇಳಿಯಲು ಹೊರಟರು. ಗಾಳಿ ಸೋಕಿದೆ, ಅಂತ್ರ ಕಟ್ಟಿಸೋಣ ಅಂದವರೂ ಇದ್ದರು.

ಆಮೇಲೆ ಡಾಕ್ಟರ್ ಬಿಡಿಸಿ ಹೇಳಿದರು. ಮಿದುಳಿಗೂ ಬ್ರೇಕ್ ಇದೆ, ಅದರ ಹೆಸರು ಗಾಬಾ. ಆಕ್ಸಿಲರೇಟರ್ ಇದೆ, ಅದು ಗ್ಲುಟಮೇಟ್. ಕುಡಿದಾಗ ಬ್ರೇಕ್ ಬಿಗಿಯಾಗುತ್ತದೆ. ವರ್ಷಗಟ್ಟಲೆ ಹೀಗೇ ಆದರೆ, ಎಚ್ಚರವಾಗಿರಲು ಮಿದುಳು ಆಕ್ಸಿಲರೇಟರನ್ನೇ ಜಾಸ್ತಿ ತುಳಿಯಲು ಕಲಿಯುತ್ತದೆ. ಕುಡಿತ ದಿಢೀರ್ ಅಂತ ನಿಂತರೆ ಬ್ರೇಕ್ ಸಡಿಲ, ತುಳಿತ ಮಾತ್ರ ಹಾಗೇ ಇರುತ್ತದೆ. ಕೊನೇ ಸಲ ಕುಡಿದು ಏಳೆಂಟು ಗಂಟೆ ಕಳೆಯುವಷ್ಟರಲ್ಲಿ ನಡುಕ ಶುರು. ಮೊದಲ 2 ದಿನದಲ್ಲಿ ಫಿಟ್ಸ್ ಬರಬಹುದು. ಸಾಮಾನ್ಯವಾಗಿ 2-3 ದಿನಕ್ಕೆ ಅಪ್ಪನಿಗೆ ಆದಂಥ ಭ್ರಮೆ. ಎಲ್ಲರಿಗೂ ಇಷ್ಟು ಆಗುವುದಿಲ್ಲ, ಆದರೆ ಆದವರಿಗೆ ಚಿಕಿತ್ಸೆ ಸಿಗದಿದ್ದರೆ ಪ್ರಾಣವೇ ಹೋಗಬಹುದು. ನೀವು ಬೀಗ ಹಾಕಬೇಕು ಅಂತಿರುವ ನಾಲ್ಕು ದಿನ ಇವೇ, ಅಲ್ವಾ?

ಚಿಕ್ಕಮ್ಮ, ನಿಮ್ಮ ಮಾತಿಗೂ ಬರುತ್ತೇನೆ. ಮಾವ ಮನೆ ಬಿಟ್ಟು ಕದಲದೇ, ನಿನ್ನೆ ಬೆಣ್ಣೆದೋಸೆ ತಿಂದು ಬಂದೆ ಅಂತ ಸುಳ್ಳು ಹೇಳುತ್ತಾರೆ ಅಂದಿರಿ. ಅದು ಸುಳ್ಳೇ ಆಗಿರಬೇಕಿಲ್ಲ. ಕುಡಿಯುವವರು ಸರಿಯಾಗಿ ಉಣ್ಣುವುದಿಲ್ಲ, ಉಂಡದ್ದರಲ್ಲಿನ ಬಿ1 ವಿಟಮಿನ್ ಅನ್ನು ಕರುಳು ಸರಿಯಾಗಿ ಹೀರುವುದೂ ಇಲ್ಲ. ಅದು ತೀರಾ ಕಡಿಮೆಯಾದರೆ ನೆನಪಿನ ಜಾಗಕ್ಕೇ ಪೆಟ್ಟು. ಆಗ ಖಾಲಿ ಬಿದ್ದ ನೆನಪನ್ನು ಮಿದುಳು ಯಾವುದೋ ಕಥೆಯಿಂದ ತುಂಬುತ್ತದೆ. ಹೇಳುವವರಿಗೆ ಅದು ನಿಜವೇ. ರಷ್ಯಾದ ಕೊರ್ಸಕಾಫ್ ಎಂಬ ವೈದ್ಯರು 1887ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಕುಡಿಯದೇ ಇದ್ದಾಗಲೂ ತೂರಾಡುವುದು, ಕಣ್ಣುಗುಡ್ಡೆ ಅದುರುವುದು, ಮಂಕು ಕವಿದಂತಾಗುವುದು, ಇದರಲ್ಲಿ ಒಂದು ಕಂಡರೂ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಗ್ಲೂಕೋಸ್ ಹಾಕುವ ಮುಂಚೆ ಕುಡಿತದ ವಿಷಯ ಹೇಳಲೇಬೇಕು, ಬಿ1 ಇಂಜೆಕ್ಷನ್ ಮೊದಲು ಬೀಳಬೇಕು.

ಅಪ್ಪ ಉಳಿದರು. ಕುಡಿತ ಬಿಟ್ಟು ಆರು ತಿಂಗಳಿಗೆ ನನ್ನ ಮಗನನ್ನು ಹೆಸರು ತಪ್ಪದೆ ಕರೆದರು. ಅವತ್ತು ನಾನು ಅಡುಗೆಮನೆಗೆ ಹೋಗಿ ಅತ್ತೆ.

ಡಾಕ್ಟರ್ ನೋಡುವವರೆಗೆ ಬಾಟಲಿ ಕಿತ್ತುಕೊಳ್ಳಬೇಡಿ. ದಿನಕ್ಕೆ ಎಷ್ಟು, ಎಷ್ಟು ವರ್ಷದಿಂದ, ಅತ್ತೆ ಹತ್ತಿರ ಕೇಳಿ ಬರೆದಿಡಿ. ಈ ರಾತ್ರಿಯೇ 14416ಕ್ಕೆ ಫೋನ್ ಮಾಡಬಹುದು, ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಸೋಮವಾರ ನಾನು ಬರುತ್ತೇನೆ, ಮಾವನನ್ನು ಮನೋರೋಗ ವಿಭಾಗಕ್ಕೆ ನಾವೇ ಕರೆದುಕೊಂಡು ಹೋಗೋಣ. ಕಾರು ಯಾರು ತರುತ್ತೀರಿ ಹೇಳಿ.